ಹನ್ನೆರಡನೆಯ ಡಬ್ಬಿ

“ಬ್ಯಾರೆ ಬ್ಯಾರೆ ಕಂಪನಿ ಡಬ್ಬಿ ಎಂದೂ ಕೂಡೂದಿಲ್ರಿ ಕಾಕಾ,” ಎಂದಿದ್ದ ಬೆಳಗಾವಿಯ ಆಟಿಕೆ ಅಂಗಡಿಯವ. ಅವನು ಹಾಗೆ ಹೇಳಿದ್ದು ಖಾನಾಪುರದ ನಮ್ಮ ಪಕ್ಕದ ಮನೆಯ ಅಜ್ಜನಿಗೆ; ಅವರು ರೈಲ್ವೆಯಲ್ಲಿದ್ದವರು. ನಿಜವಾದ ಡಬ್ಬಿ ಜೋಡಿಸುವಾಗ ಎರಡು ಬೆರಳು ಕಳೆದುಕೊಂಡಿದ್ದರು. ಉಳಿದ ಬೆರಳುಗಳಿಂದಲೇ ಪುಟ್ಟ ಮಾದರಿ ರೈಲಿನ ಹನ್ನೆರಡು ಡಬ್ಬಿಗಳ ಹಳೆಯ ಕೊಂಡಿ ಕಿತ್ತು, ಒಂದೇ ಬಗೆಯ ಹೊಸ ಕೊಂಡಿ ಕೂಡಿಸತೊಡಗಿದರು. ಹೊಸ ಕೊಂಡಿಗಳ ಜೊತೆ ಬಂದ ಇಂಗ್ಲಿಷ್ ಚೀಟಿ ಓದಿ ಹೇಳುವವಳು, ನಮ್ಮ ಮನೆತನದ ಮೊದಲ ಪದವೀಧರೆಯಾದ ನಾನು.

“ಓದಿದ್ದು ಸಾಕವಾ, ಮೊದಲ ಎತ್ತರ ನೋಡು,” ಎನ್ನುತ್ತಿದ್ದರು. ಕೊಂಡಿ ಕೂದಲೆಳೆಯಷ್ಟು ತಗ್ಗಿದರೂ ಬಿಚ್ಚಿ ಮತ್ತೆ ಕೂಡಿಸುತ್ತಿದ್ದರು.

ಹನ್ನೊಂದು ಮುಗಿದವು. ಅಷ್ಟರಲ್ಲಿ ಅವರನ್ನು ಬೆಳಗಾವಿಯ ನೆಹರು ನಗರದ ಆಸ್ಪತ್ರೆಗೆ ಸೇರಿಸಿದರು; ಅಜ್ಜ ತಿರುಗಿ ಬರಲಿಲ್ಲ.

ಮರಣ ಪ್ರಮಾಣಪತ್ರವನ್ನು ನಾನೇ ತಂದು ಅಜ್ಜನ ಹೆಂಡತಿಯ ಕೈಗಿತ್ತೆ. ಅವರು ಅದನ್ನು ಮಡಚಿಟ್ಟು, ಉಳಿದ ಡಬ್ಬಿಯನ್ನು ನನ್ನ ಮುಂದಿಟ್ಟರು.

“ಕಲತಾಕಿ ಅದಿ, ನೀನ ಕೊಂಡಿ ಹಾಕು. ಒಂದ ಡಬ್ಬಿ ಹಿಂದ ಉಳದ್ರ ಅವರಿಗೆ ನಿದ್ದಿ ಹತ್ತೂದಿಲ್ಲ.”