ಹುಳದ ಮನೆಯೊಳಗಿನ ಕಾಂಟೆಸ್ಸಾ

“ಅದನ್ನ ತಂದಾಗ ಮೂರು ತಿಂಗ್ಳು ಅಂದಿದ್ದೆ ದೊಡ್ಡಮ್ಮ. ನೀನೇ ಕೇಳ್ದಲ್ಲ, ‘ಏನಪ್ಪಾ ಕದಿರೇಶ, ಈ ಹೆಣ ಯಾಕೆ ಎಳ್ಕೊಂಡ್ ಬಂದೆ’ ಅಂತ. ಹೆಣ ಅಲ್ಲ, ಉಸಿರು ಕಟ್ಟೈತೆ ಅಷ್ಟೆ ಅಂದೆ. ಮೂರು ತಿಂಗ್ಳು ಹೋಗಿ ಆರು ವರ್ಷ ಆಯ್ತು. ಊರೋರೆಲ್ಲ ಗಾಡಿ ನಿಲ್ಸಕ್ಕೆ ಶೆಡ್ ಕಟ್ತಾರೆ, ನಾನು ಗಾಡಿ ಮುಂದೆ ಗೋಡೆ ಕಟ್ಟಿಸ್ದೆ. ನನ್ ಕೈಯಾರೆ ಇಟ್ಟಿಗೆ ಎತ್ಕೊಟ್ಟೆ. ಮೇಸ್ತ್ರಿ ಕೇಳ್ದ, ‘ಅಲ್ಲಪ್ಪಾ, ಒಳಗೆ ಕಾರೈತಲ್ಲ, ಆಮೇಲೆ ಹೆಂಗೆ ತೆಗೀತೀಯ?’ ಅಂತ. ‘ನೀನ್ ಕಟ್ಟು ಮೇಸ್ತ್ರಿ, ಒಂದ್ ಬೆಳೆ ಕಳೀಲಿ, ಒದ್ದು ಬೀಳಿಸ್ತೀನಿ’ ಅಂದೆ. ಆಮೇಲೆ ಇಪ್ಪತ್ತು ಬೆಳೆ ಆಯ್ತು. ಒಂದ್ ಬೆಳೆಗೂ ಇನ್ನೊಂದ್ ಬೆಳೆಗೂ ಮಧ್ಯೆ ಹತ್ತು ದಿನ ಸಿಗ್ತದೆ. ಆ ಹತ್ತು ದಿನ ನಾನು ಮೆಕ್ಯಾನಿಕ್ಕು. ಮಿಕ್ಕಿದ್ ದಿನ ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋ ಆಳು. ಬಿಚ್ತೀನಿ, ತೊಳೀತೀನಿ, ಇನ್ನೇನು ಜೋಡಿಸ್ಬೇಕು ಅನ್ನೋ ಹೊತ್ತಿಗೆ ಹುಳ ತಗೊಂಡೋಗಿ ಅಂತ ಫೋನ್ ಬರ್ತದೆ. ಗಾಡಿ ಮುಚ್ಚಿ, ಸೋಪಲ್ಲಿ ಮೂರ್ ಸಲ ಕೈ ತೊಳ್ಕೊಂಡು ಆಚೆ ಬರ್ತೀನಿ. ಒಂದೊಂದ್ ಸಲ ಅನ್ನಿಸ್ತದೆ ದೊಡ್ಡಮ್ಮ, ಒಳಗೆ ಸಿಕ್ಕಾಕ್ಕೊಂಡಿರೋದು ಗಾಡಿ ಒಂದೇ ಅಲ್ಲ ಅಂತ.”

ಕದಿರೇಶ ನನ್ನ ತಂಗಿ ವೆಂಕಟರತ್ನಮ್ಮನ ಮಗ. ಹೋಳೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದು ಓಣಿ. ಅವನಿಗೀಗ ನಲವತ್ತೊಂದು. ಊರಿಗೆ ವಾಪಸು ಬರುವ ಮುಂಚೆ ಒಂಬತ್ತು ವರ್ಷ ನಂಗಲಿಯ ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿದ್ದ. ಆಂಧ್ರದ ಕಡೆಯಿಂದ ಬರುವ ಲಾರಿ ಡ್ರೈವರುಗಳು ಬೇರೆಯವರು ಖಾಲಿ ಕೂತಿದ್ದರೂ “ಕದಿರೇಶನೇ ರಾವಾಲ”, ಅವನೇ ಬರಬೇಕು ಎಂದು ಟೀ ಕುಡಿಯುತ್ತಾ ಕಾಯುತ್ತಿದ್ದರಂತೆ. ಅವರಪ್ಪ ಮುನಿಕೃಷ್ಣಪ್ಪ ಒಂದು ಬೆಳಿಗ್ಗೆ ಹಿಪ್ಪುನೇರಳೆ ತೋಟದಲ್ಲಿ ಕುಸಿದವನು ಮೇಲೇಳಲಿಲ್ಲ. ಆಗ ಮನೆಯಲ್ಲಿ ಹುಳ ಇತ್ತು. ಹುಳ ತಿಥಿಗೂ ಕಾಯುವುದಿಲ್ಲ, ದಿನಕ್ಕೆ ಮೂರು ಸಲ ಸೊಪ್ಪು ಬೇಕು. ಆ ಬೆಳೆಯೊಂದು ಮುಗಿಸಿಕೊಟ್ಟು ಹೋಗೋಣವೆಂದು ಬಂದವನು ನಿಂತೇಬಿಟ್ಟ.

ಗ್ಯಾರೇಜಿನಲ್ಲಿ ಯಾರೋ ಬಿಟ್ಟುಹೋದ ಹಳೇ ಕಾಂಟೆಸ್ಸಾ ಒಂದಿತ್ತು. ತೊಂಬತ್ತರ ದಶಕದ ಗಾಡಿ, ಉದ್ದ ಮೂತಿ, ಆ ಕಾಲಕ್ಕೆ ರಸ್ತೆಯಲ್ಲಿ ಅದನ್ನು ಹಿಂದೆ ಹಾಕುವವರಿರಲಿಲ್ಲ ಎಂದು ಕದಿರೇಶ ಹೇಳುತ್ತಾನೆ. ಎಂಜಿನ್ ಬಿಗಿದುಕೊಂಡು ವರ್ಷಗಟ್ಟಲೆ ನಿಂತಿತ್ತು. ಅವನು ಬಿಟ್ಟುಬರುವಾಗ ಯಜಮಾನರು, “ಬೇರೆ ಯಾರಿಗೂ ಇದು ದಕ್ಕಲ್ಲ, ನೀನೇ ಎಳ್ಕೊಂಡೋಗು” ಎಂದರು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದು ಹುಳ ಸಾಕುವ ಮನೆಯೊಳಗೆ ಒಂದು ಪಕ್ಕದಲ್ಲಿ ನಿಲ್ಲಿಸಿದ. ಆಗ ಆ ಮನೆಗೆ ಟ್ರ್ಯಾಕ್ಟರ್ ಹೋಗುವಷ್ಟು ಅಗಲದ ಬಾಗಿಲಿತ್ತು.

ಎರಡು ವರ್ಷಕ್ಕೆ ಊಜಿ ನೊಣ ಬಂತು. ಹುಳದ ಮೈಮೇಲೆ ಮೊಟ್ಟೆ ಇಟ್ಟು, ಗೂಡು ಕಟ್ಟುವುದರೊಳಗೆ ಒಳಗಿನಿಂದ ತಿಂದು ಮುಗಿಸುವ ನೊಣ ಅದು. ಎರಡು ಬೆಳೆ ಹೋಯಿತು. ದೊಡ್ಡ ಬಾಗಿಲು ಮುಚ್ಚಿ, ಒಬ್ಬರು ಹೋಗುವಷ್ಟು ಸಣ್ಣ ಬಾಗಿಲಿಟ್ಟು, ಅದಕ್ಕೆ ಬಲೆ ಹಾಕಿಸಬೇಕೆಂದು ಎಲ್ಲರೂ ಹೇಳಿದರು. ಆ ಹೊತ್ತಿಗೆ ಕಾರು ಚಕ್ರ ಬಿಚ್ಚಿಸಿಕೊಂಡು ಕಲ್ಲಿನ ಮೇಲೆ ಕೂತಿತ್ತು. ಮಾಲೂರಿನಿಂದ ಇಟ್ಟಿಗೆ ಬಂತು, ಗೋಡೆ ಎದ್ದಿತು.

ಗೋಡೆಗಿಂತ ಹೆಚ್ಚು ಕಾಡಿದ್ದು ಬ್ಲೀಚಿಂಗ್ ಪುಡಿ. ಪ್ರತಿ ಬೆಳೆ ಮುಗಿದ ಮೇಲೆ ರೋಗ ಸಾಯಲೆಂದು ಅದನ್ನು ನೀರಿಗೆ ಕಲಸಿ ಮನೆಯೊಳಗೆಲ್ಲ ಹೊಡೆಯಲೇಬೇಕು. ರೋಗದ ಜೊತೆಗೆ ಅದು ಕಬ್ಬಿಣವನ್ನೂ ತಿನ್ನುತ್ತದೆ. ಅವನು ಗ್ರೀಸ್ ಬಳಿದು ಎರಡು ಪದರ ಪ್ಲಾಸ್ಟಿಕ್ ಸುತ್ತುತ್ತಿದ್ದ. ಆದರೂ ಹೋದ ಸಲ ಹೊಳೆಯುವಂತೆ ಮಾಡಿದ್ದ ಬೋಲ್ಟು ಈ ಸಲ ನೋಡಿದರೆ ಕೆಂಪು. ಬೇರೆಯವರಾಗಿದ್ದರೆ ಕಾರಿಗೆ ಬೇರೆ ಜಾಗ ನೋಡುತ್ತಿದ್ದರು. ರೇಷ್ಮೆ ಬೆಳೆಯುವವನು ಮಾತ್ರ ತುಕ್ಕಿನ ಮನೆಯಲ್ಲಿ ಕಾರು ಕಟ್ಟುತ್ತಾನೆ, ಯಾಕೆಂದರೆ ಗಟ್ಟಿ ಸೂರು ಇರುವುದು ಹುಳಕ್ಕೊಂದಕ್ಕೇ.

ಮೂರನೇ ವರ್ಷ ಅವನು ಬಣ್ಣ ಹೊಡೆದ. ಒಳ್ಳೇ ಕುಂಕುಮದಂಥ ಕೆಂಪು. ಎರಡು ಕಿಟಕಿ, ಬಾಗಿಲು ತೆರೆದು ಐದು ದಿನ ಬಿಟ್ಟ. ವಾಸನೆ ಹೋಯಿತೆಂದುಕೊಂಡ. ವೆಂಕಟರತ್ನಮ್ಮನೂ ಮೂಸಿ ನೋಡಿ ಸರಿ ಅಂದಳು. ನಮ್ಮ ಮೂಗೇ ಬೇರೆ, ಹುಳದ ಉಸಿರೇ ಬೇರೆ. ಬೀಡಿ ಸೇದಿದ ಕೈ, ಹೂವಿನ ಸೆಂಟು, ಏನೂ ಅದಕ್ಕೆ ಆಗದು. ಒಳಗೆ ಬಿಟ್ಟ ಮೂರನೇ ದಿನ ಹುಳ ತಲೆ ಎತ್ತಿ ಅತ್ತಿತ್ತ ಆಡಿಸಿದವು, ಹಸಿರು ನೀರು ಕಕ್ಕಿದವು. ಸಾಯಂಕಾಲಕ್ಕೆ ಇಡೀ ಬೆಳೆ ಬುಟ್ಟಿಯಲ್ಲಿ ತುಂಬಿ ಗುಂಡಿಗೆ ಹಾಕಿದೆವು. ನನ್ನ ತಂಗಿಯ ಬಾಯಿ ಊರಿಗೇ ಗೊತ್ತು, ಆದರೆ ಅವತ್ತು ಅವಳು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಮುಂದಿನ ಹತ್ತು ದಿನದ ಬಿಡುವಿನಲ್ಲಿ ಅವನು ಮಾಡಿದ ಕೆಲಸ ಒಂದೇ: ಹೊಡೆದ ಕೆಂಪನ್ನೆಲ್ಲ ಮರಳು ಕಾಗದದಲ್ಲಿ ನೀರು ಹಾಕಿ ಉಜ್ಜಿ ಉಜ್ಜಿ ತೆಗೆದ. ಅಂದಿನಿಂದ ಕಾರು ಬೂದಿ ಬಣ್ಣದಲ್ಲಿಯೇ ನಿಂತಿದೆ.

ಆದರೂ ಬಿಡಲಿಲ್ಲ. ಎಂಜಿನ್ ಇಳಿಸಿ, ಒಳಗಿನದೆಲ್ಲ ಕೋಲಾರದಲ್ಲಿ ಲೇತ್‌ಗೆ ಕೊಟ್ಟು ಮಾಡಿಸಿದ. ಒಂದು ಕಾರ್ಬುರೇಟರ್ ಇದ್ದ ಕಡೆ ಎರಡು ಕೂರಿಸಿದ, ಅದು ಎಂಜಿನ್ನಿಗೆ ಎರಡು ಮೂಗು ಇಟ್ಟ ಹಾಗಂತೆ. ಬೇರೆ ಗಾಡಿಯ ಐದು ಗೇರಿನ ಪೆಟ್ಟಿಗೆ ತಂದು, ಕೂರದ ಕಡೆ ಕೊಯ್ದು ಬೆಸೆದು ಕೂರಿಸಿದ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿದ. ನಾನು ಬಾಗಿಲ ಹೊರಗೆ ಕೂತು ಕೇಳುತ್ತಿದ್ದೆ, ಅವನು ಹೇಳುತ್ತಾ ಕೆಲಸ ಮಾಡುತ್ತಿದ್ದ.

ಹೋದ ಕಾರ್ತೀಕದಲ್ಲಿ, ಹುಳ ಇಲ್ಲದ ಹೊತ್ತಿನಲ್ಲಿ, ಹೊಗೆ ಕೊಳವೆಗೆ ಪೈಪು ಸಿಕ್ಕಿಸಿ ಕಿಟಕಿಯಿಂದ ಆಚೆ ಬಿಟ್ಟು, ಅರ್ಧ ಲೀಟರ್ ಪೆಟ್ರೋಲ್ ಹುಯ್ದು ಕೀ ತಿರುಗಿಸಿದ. ಮೂರನೇ ಸಲಕ್ಕೆ ಹತ್ತಿಕೊಂಡಿತು. ನಮ್ಮ ಅಡುಗೆಮನೆ ಹಲಗೆಯ ಮೇಲಿನ ಪಾತ್ರೆಗಳೆಲ್ಲ ಗಲಗಲ ಅಂದವು. ಅವನ ಹೆಂಡತಿ ಧನಶ್ರೀ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅವನು ನಗುತ್ತಿದ್ದ, ಕಣ್ಣಲ್ಲಿ ನೀರಿತ್ತು.

“ಅಮ್ಮಾ, ಮುಂದಿನ ಬಿಡುವಲ್ಲಿ ಗೋಡೆ ಒಡೀತೀನಿ. ಗಾಡಿ ಆಚೆ ತೆಗೆದು ಮತ್ತೆ ಕಟ್ಟಿಸ್ಕೊಡ್ತೀನಿ.”

“ಒಡಿಯಪ್ಪ, ನಿಂದೇ ಗೋಡೆ” ಎಂದಳು ವೆಂಕಟರತ್ನಮ್ಮ. “ನಾನ್ ಸಾಯೋದ್ರೊಳಗೆ ಒಂದ್ ಸಲ ಅದ್ರಲ್ಲಿ ಕೂರ್ಸು. ಚಟ್ಟ ಹತ್ತೋಕೆ ಮುಂಚೆ ಕಾರು ಹತ್ತಿದೆ ಅಂತ ಹೇಳ್ಕೋಬೌದು.”

ಗೋಡೆ ಒಡೆದು, ಕಟ್ಟಿ, ಹಸಿ ಆರಲು ಹತ್ತು ದಿನ ಸರಿಯಾಗಿ ಬೇಕಿತ್ತು. ಆದರೆ ಆ ಸಲ ಮಳೆ ಹಿಡಿದು ಬಂದು ತೋಟದಲ್ಲಿ ಸೊಪ್ಪು ಎದೆಮಟ್ಟ ಎದ್ದಿತ್ತು. ಗೂಡು ಬಿಡಿಸುವ ದಿನ ಧನಶ್ರೀ ಮೆಲ್ಲಗೆ ಕೇಳಿದಳು.

“ಏನ್ರೀ, ಸೊಪ್ಪು ಬಲಿತು ಹೋಗ್ತೈತೆ. ಮೂರೇ ದಿನದಲ್ಲಿ ಮನೆ ತೊಳ್ದು ಮತ್ತೆ ಹುಳ ತರ್ಸೋಣ್ವಾ? ಯಾವಾಗ್ಲೂ ನೂರು ಮೊಟ್ಟೆ ತರ್ತೀವಿ, ಈ ಸಲ ನೂರೈವತ್ತು?”

ಒಂದು ಚಿಟ್ಟೆ ಇಟ್ಟದ್ದೆಲ್ಲ ಸೇರಿ ನಮ್ಮಲ್ಲಿ ಒಂದು ಮೊಟ್ಟೆ, ಅಂದರೆ ನಾನೂರು ಹುಳ. ಅವನು ಗೂಡು ಬಿಡಿಸುತ್ತಲೇ ಇದ್ದ, ತಲೆ ಎತ್ತಲಿಲ್ಲ.

“ಒಂದ್ ಹತ್ತು ದಿನ ಕಾಯಕ್ಕಾಗಲ್ವಾ ಸೊಪ್ಪು?” ಎಂದ.

“ಸೊಪ್ಪೇನು ನಿನ್ ಕಾರಾ, ಕಾಯ್ಕೊಂಡು ಕೂತಿರಕ್ಕೆ?” ಎಂದಳು ನನ್ನ ತಂಗಿ.

ಎಲ್ಲರೂ ನಕ್ಕರು. ಅವನೂ ನಕ್ಕ. ಬೇಡ ಅನ್ನಬಹುದಿತ್ತು, ಯಾರೂ ಜಗಳವಾಡುತ್ತಿರಲಿಲ್ಲ. ಆದರೆ ಒಂದು ಬೆಳೆಯನ್ನು ಗುಂಡಿಗೆ ಹಾಕಿಸಿದವನು ತಾನು ಎಂಬುದು ಅವನ ನಾಲಿಗೆಯ ಮೇಲೆ ಕೂತುಬಿಟ್ಟಿದೆ. “ತರ್ಸು” ಎಂದ.

ಹುಳ ಬಂದ ನಾಲ್ಕನೇ ದಿನ ನಂಗಲಿಯಿಂದ ಶಿವಕುಮಾರನ ಫೋನು. ಗ್ಯಾರೇಜಿನಲ್ಲಿ ಇವನ ಜೊತೆ ಕೆಲಸ ಮಾಡಿದವನು. ಸ್ಪೀಕರ್ ಹಾಕಿ ಸೊಪ್ಪು ಹರಡುತ್ತಿದ್ದನಾದ್ದರಿಂದ ಎಲ್ಲರಿಗೂ ಕೇಳಿಸಿತು.

“ಲೇ ಕದಿರೇಶ, ಬರೋ ಭಾನುವಾರ ಬೆಂಗ್ಳೂರಿಂದ ಹಳೇ ಗಾಡಿಯೋರು ಬರ್ತಾವ್ರೆ ಕಣೋ. ಮುಳಬಾಗ್ಲಲ್ಲಿ ದೋಸೆ ತಿಂದು ನಂಗಲಿ ತಂಕ ಓಡಿಸ್ತಾರಂತೆ. ವರ್ಷಕ್ಕೊಂದ್ ಸಲ ಬರೋದು. ಆರು ವರ್ಷದಿಂದ ನಿನ್ ಗಾಡಿ ಕತೆ ಹೇಳಿ ಹೇಳಿ ನನ್ ಬಾಯಿ ಸವೆದೈತೆ. ಈ ಸಲ ತರ್ಲಿಲ್ಲ ಅಂದ್ರೆ ನಿಂಗೆ ಗಾಡೀನೇ ಇಲ್ಲ ಅಂತಾರೆ ರಾ!”

“ಬರ್ತೀನಿ” ಎಂದ ಕದಿರೇಶ. ಫೋನಿಟ್ಟು ಬೆರಳು ಮಡಿಸಿ ದಿನ ಎಣಿಸಿದ. ಎಣಿಸುವಾಗಲೇ ಅವನ ಮುಖ ನೋಡಿ ನನಗೆ ತಿಳಿಯಿತು. ಶನಿವಾರಕ್ಕೆ ನಾಲ್ಕನೇ ಜ್ವರ.

ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಒಂದು ದಿನಕ್ಕಿಂತ ಹೆಚ್ಚು ಹೊತ್ತು ಅವು ತಿನ್ನುವುದಿಲ್ಲ, ಅಲುಗುವುದಿಲ್ಲ. ತಲೆ ಮೇಲೆತ್ತಿಕೊಂಡು ಹಾಗೇ ಕೂತಿರುತ್ತವೆ. ಆಗ ಅವನ್ನು ಎತ್ತಿ ಬೇರೆಡೆ ಹಾಕುವಂತಿಲ್ಲ, ಅದುರಿಸುವಂತಿಲ್ಲ. ನಾಲ್ಕನೇ ಜ್ವರ ಕೊನೆಯದು, ಎಲ್ಲಕ್ಕಿಂತ ಭಾರಿ.

ಶನಿವಾರ ಮಧ್ಯಾಹ್ನ ನಾನು ಜಗಲಿಯಲ್ಲಿ ಅವರೆಕಾಳು ಹಿಸುಕುತ್ತಿದ್ದೆ. ಅವನು ಹಾರೆ ಹಿಡಿದು ಗೋಡೆಯ ಹೊರಗಡೆ ಬಂದು ನಿಂತ. ಧನಶ್ರೀ ಹಿಂದೆಯೇ ಬಂದಳು.

“ಒಡೀರಿ” ಎಂದಳು. ಕೋಪದಲ್ಲಿ ಹೇಳಿದ್ದಲ್ಲ. “ಬೆಳೆ ಆದ್ರೆ ಆಯ್ತು, ಹೋದ್ರೆ ಹೋಯ್ತು. ನಾನು ಏನೂ ಅನ್ನಲ್ಲ.”

“ನೀನು ಅನ್ನಲ್ಲ ಅನ್ನೋದೇ ಕಷ್ಟ ಕಣೇ.”

ಹಾರೆಯನ್ನು ಗೋಡೆಗೆ ಆನಿಸಿ ಕಿಟಕಿಯ ಬಲೆಗೆ ಕಿವಿ ಇಟ್ಟ. ಹುಳ ಮೇಯುವಾಗ ಒಳಗೆ ಸಣ್ಣ ಮಳೆ ಬಿದ್ದ ಹಾಗೆ ಸದ್ದಿರುತ್ತದೆ. ಅವತ್ತು ಏನೂ ಇರಲಿಲ್ಲ. ಅಷ್ಟು ಸಾವಿರ ಜೀವ ಇರುವ ಮನೆ ಅಷ್ಟು ನಿಶ್ಶಬ್ದವಾಗಿದ್ದನ್ನು ಕೇಳುತ್ತಾ ಅವನು ಬಹಳ ಹೊತ್ತು ನಿಂತಿದ್ದ. ಆಮೇಲೆ ಹಾರೆ ತೆಗೆದುಕೊಂಡು ಹೋಗಿ ಮೂಲೆಯಲ್ಲಿ ಇಟ್ಟ. ಇಡುವಾಗಲೂ ಸದ್ದಾಗದಂತೆ ಇಟ್ಟ.

ಭಾನುವಾರ ಒಂಬತ್ತಕ್ಕೆ ಶಿವಕುಮಾರ ಫೋನ್ ಮಾಡಿದ. “ಎಲ್ಲಿದ್ದೀಯೋ? ದೋಸೆ ಆರ್ತೈತೆ!”

“ಹುಳ ಜ್ವರದಲ್ಲವೆ ಕಣೋ. ನೀವು ಹೋಗಿ.”

“ಹುಟ್ಟಿದ್ರೆ ನಿನ್ ಮನೇಲಿ ಹುಳ ಆಗಿ ಹುಟ್ಬೇಕು ರಾ” ಎಂದು ಶಿವಕುಮಾರ ಫೋನ್ ಇಟ್ಟುಬಿಟ್ಟ. ಆಮೇಲೆ ಗಾಡಿಗಳ ವಿಡಿಯೋ ಕಳಿಸಿದ. ಕದಿರೇಶ ಶಬ್ದ ತೆಗೆದು ಒಂದು ಸಲ ನೋಡಿದ.

ಹನ್ನೊಂದರ ಹೊತ್ತಿಗೆ ಹುಳ ಜ್ವರದಿಂದ ಎದ್ದವು. ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ಹಸಿವೂ ಜಾಸ್ತಿ, ಜಾಗವೂ ಜಾಸ್ತಿ ಬೇಕು. ಒತ್ತೊತ್ತಾಗಿ ಬಿಟ್ಟರೆ ರೋಗ. ನೂರೈವತ್ತು ಮೊಟ್ಟೆಯ ಹುಳ, ಇದ್ದ ಸ್ಟ್ಯಾಂಡುಗಳೆಲ್ಲ ತುಂಬಿದರೂ ಹತ್ತು ತಟ್ಟೆ ಮಿಕ್ಕವು. ಧನಶ್ರೀ ತಟ್ಟೆ ಹಿಡಿದುಕೊಂಡು ಮನೆಯೆಲ್ಲ ಒಂದು ಸುತ್ತು ಬಂದಳು. ಕಾರಿನ ಕಡೆ ಮಾತ್ರ ನೋಡಲಿಲ್ಲ.

ಕದಿರೇಶನೇ ಹೋಗಿ ಅಟ್ಟದಿಂದ ನಾಲ್ಕು ಹಲಗೆ ತಂದ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. ತಿಂಗಳ ಹಿಂದೆಯೇ ಹನಿಯೂ ಬಿಡದೆ ಇಳಿಸಿದ್ದ, ಆದರೂ ನೋಡಿದ. ಪ್ಲಾಸ್ಟಿಕ್ಕಿನ ಮೇಲೆ ಹಳೇ ಗೋಣಿ ಹಾಸಿ, ಬಾನೆಟ್ಟಿನ ಮೇಲೆ ಎರಡು, ಕಾರಿನ ತಲೆಯ ಮೇಲೆ ಒಂದು, ಹಿಂದೆ ಡಿಕ್ಕಿಯ ಮೇಲೆ ಒಂದು ಹಲಗೆ ಇಟ್ಟು ಅಲುಗಾಡದಂತೆ ಹಗ್ಗ ಬಿಗಿದ.

“ಒಂದ್ ಎಂಟ್ ದಿನಕ್ಕೆ ಅಷ್ಟೆ” ಎಂದಳು ಧನಶ್ರೀ.

“ಹೂಂ. ಅಷ್ಟೆ” ಎಂದ.

ನಾಲ್ಕು ತಟ್ಟೆ ಬಾನೆಟ್ಟಿಗೆ, ಮೂರು ತಲೆಗೆ, ಮೂರು ಡಿಕ್ಕಿಗೆ ಬಂದವು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು. ಬೇಕೆಂದರೆ ಮೇಲೆ ಇನ್ನೊಂದು ಸಾಲು ಕೂರಿಸಬಹುದು ಎಂದು ಅವನೇ ಹೇಳಿದ.

ಸೊಪ್ಪು ಹರಡಿದ ಸ್ವಲ್ಪ ಹೊತ್ತಿಗೆ ಸದ್ದು ಶುರುವಾಯಿತು. ಮೊದಲು ಸ್ಟ್ಯಾಂಡುಗಳ ಕಡೆಯಿಂದ, ಆಮೇಲೆ ಕಾರಿನ ಮೇಲಿನಿಂದಲೂ. ಮೊದಲ ಹೊರೆ ಕ್ಷಣದಲ್ಲಿ ಕಡ್ಡಿಯಾಯಿತು. ಅವನು ಖಾಲಿಯಾದ ಕಡ್ಡಿಗಳನ್ನು ಒಟ್ಟು ಮಾಡಿ ಆಚೆ ಹಾಕಿದ. ಕುಡುಗೋಲನ್ನು ಕಲ್ಲಿಗೆ ಎರಡು ಸಲ ಉಜ್ಜಿ, ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಇಳಿದು, ಬುಡದಿಂದ ಸಾಲಾಗಿ ಸೊಪ್ಪು ಕೊಯ್ಯತೊಡಗಿದ.