ನಡುಗಲು ಬಾರದ ಕೂಸು

ಬೆಳಗಾವಿಯಲ್ಲಿ ಹೊಸ ಮನೆ ಕಟ್ಟಿಸುವವರಿಗೆ ಅಯಾಜನ ಹೆಸರು ಗೊತ್ತಿತ್ತು. ಅವನು ನೆಲಕ್ಕೆ ಕೂರಿಸಿದ ಫರಶಿ ಕಲ್ಲಿನ ಮೇಲೆ ನೀರು ಚೆಲ್ಲಿದರೆ ಅದು ಎಲ್ಲೂ ನಿಲ್ಲದೆ ಮೋರಿಯ ದಾರಿ ಹಿಡಿಯುತ್ತಿತ್ತು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಶಾಲೆ ಬಿಟ್ಟ ಲಾಗಾಯ್ತು ಸಿಮೆಂಟಿನಲ್ಲಿ ಆಡಿದ ಕೈಗಳವು. ಬೆರಳ ತುದಿಗಳು ಜಡ್ಡುಗಟ್ಟಿ, ಮುಟ್ಟಿದ್ದು ಬಿಸಿಯೋ ತಣ್ಣಗೋ ಎಂಬುದು ತಡವಾಗಿ ತಿಳಿಯುತ್ತಿತ್ತು. ಕುದಿಯುವ ಚಹಾದ ಗ್ಲಾಸನ್ನು ಅವನು ಮುಷ್ಟಿಯಲ್ಲಿ ಹಿಡಿಯುವುದನ್ನು ಕಂಡು ಹೆಂಡತಿ ಆಯೆಷಾ ನಗುತ್ತಿದ್ದಳು.

ಅವರ ಮೊದಲ ಬಸಿರು ಐದನೇ ತಿಂಗಳಿಗೇ ಇಳಿದುಹೋಗಿತ್ತು. ಎರಡನೆಯದು ನಿಂತ ದಿನದಿಂದ ಅಯಾಜನಿಗೆ ಒಂದು ಹೆದರಿಕೆ ಅಂಟಿಕೊಂಡಿತು. ರಾತ್ರಿ ಆಯೆಷಾ ಮಗ್ಗುಲು ಬದಲಿಸಿದರೂ ಎದ್ದು ಕೂರುತ್ತಿದ್ದ. ಏಳು ತುಂಬುತ್ತಲೇ ಅವಳು ಖಾನಾಪುರದ ತವರಿಗೆ ಹೋದಳು. ಅಲ್ಲಿ ತಾಯಿ ಜನ್ನತ ಇದ್ದಾಳೆ, ಇನ್ನೂ ಎರಡು ತಿಂಗಳಿದೆ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಆಷಾಢದ ಮಳೆ ಜಡಿ ಹಿಡಿದಿತ್ತು. ರಾಮತೀರ್ಥ ನಗರದ ಒಂದು ಮನೆಯಲ್ಲಿ ಬಚ್ಚಲಿನ ಫರಶಿ ಅರ್ಧ ಮುಗಿದಿದ್ದಾಗ ಜನ್ನತಳ ಫೋನು ಬಂತು. ಆಯೆಷಾಗೆ ನೀರು ಹೋಗಿದೆ, ಸರಕಾರಿ ದವಾಖಾನೆಗೆ ಕರೆದುಕೊಂಡು ಬಂದಿದ್ದೇವೆ ಎಂದಳು. ಮಾತಿನ ನಡುವೆ ಅವಳಿಗೆ ಕೆಮ್ಮು ಒತ್ತರಿಸಿ ಬರುತ್ತಿತ್ತು. ಅಯಾಜ ಕೈ ತೊಳೆಯಲಿಲ್ಲ, ರೇನ್‌ಕೋಟು ನೆನಪಾಗಲಿಲ್ಲ. ಬೈಕು ಹತ್ತಿದವನು ಮಳೆಯಲ್ಲೇ ಖಾನಾಪುರ ಮುಟ್ಟಿದ.

ಅಷ್ಟರಲ್ಲಿ ಕೂಸು ಹುಟ್ಟಿಬಿಟ್ಟಿತ್ತು. ಹೆಣ್ಣು. ಶಾಖ ಕೊಡುವ ದೀಪದ ಕೆಳಗೆ ಅದು ಮಲಗಿತ್ತು. ಅಯಾಜನ ಮುಂಗೈಯಷ್ಟೇ ಉದ್ದ, ತೊಗಲಿನೊಳಗೆ ನರಗಳ ಗೆರೆ ಕಾಣುತ್ತಿತ್ತು. ಆಯೆಷಾಗೆ ರಕ್ತ ಹೋಗುವುದು ನಿಂತಿರಲಿಲ್ಲ, ಡಾಕ್ಟರು ಅವಳ ಬಳಿಯಲ್ಲೇ ಇದ್ದರು. ಕೂಸನ್ನು ತಡಮಾಡದೆ ಬೆಳಗಾವಿಯ ದೊಡ್ಡ ದವಾಖಾನೆಗೆ ಒಯ್ಯಬೇಕು ಎಂದು ಅವರು ಬಾಗಿಲಿಗೆ ಬಂದು ಹೇಳಿ ಒಳಗೆ ಹೋದರು. ಅಯಾಜ ಹೆಂಡತಿಯ ಮುಖವನ್ನು ಬಾಗಿಲ ಸಂದಿಯಿಂದ ಒಮ್ಮೆ ನೋಡಿದ. ಅದು ಬಿಳಿಚಿಕೊಂಡಿತ್ತು. ಇಬ್ಬರಲ್ಲಿ ಯಾರ ಹತ್ತಿರ ನಿಲ್ಲಬೇಕೋ ತಿಳಿಯದೆ ಅವನು ಬಾಗಿಲಲ್ಲೇ ಉಳಿದ.

ಆಂಬುಲೆನ್ಸಿನ ಸಿಸ್ಟರ್ ಶಿವಬಸವ್ವ, ಐವತ್ತರ ಹತ್ತಿರದ ಹೆಂಗಸು, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಕೂಸಿನ ಅಪ್ಪ ನೀನ ಏನು? ಅಂಗಿ ತಗಿ ತಮ್ಮಾ. ಕೂಸನ್ನ ಎದೀಗೆ ಕಟಗೊಂಡು ಬರಬೇಕು. ಗಾಡ್ಯಾಗ ಶಾಖದ ಪೆಟಗಿ ಇಲ್ಲ."

"ನಾ ಏನ್ರಿ? ನನ್ನ ಮೈ ಪೂರಾ ತೊಯ್ದೈತ್ರಿ. ಅತ್ತಿ ಅದಾರಲ್ರಿ."

"ಆಕೀಗೆ ಆ ನಮೂನಿ ಕೆಮ್ಮು ಐತಿ, ಆಕಿ ಹತ್ರ ಕೊಡಾಕ ಬರೂದಿಲ್ಲ. ಲಗೂ ಮೈ ಒರಸ್ಕೋ."

ಒರಸಿಕೊಂಡರೂ ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಜನ್ನತ ತಂದ ಕಂಬಳಿ ಹೊದ್ದು, ಬಿಸಿ ಚಹಾ ಕುಡಿದ. ನಡುಕ ಮಾತ್ರ ನಿಲ್ಲಲಿಲ್ಲ. ನಡುಗುವ ಎದೆಯ ಮೇಲೆ ಇಷ್ಟು ಸಣ್ಣ ಜೀವವನ್ನು ಹೇಗೆ ಇಟ್ಟುಕೊಳ್ಳಲಿ ಎಂದು ಅವನಿಗೆ ಅಳು ಬಂತು.

"ನಡಗಲಿ ಬಿಡು," ಎಂದರು ಶಿವಬಸವ್ವ. "ನಡಗೂದು ಅಂದರ ಮೈಯಾಗಿನ ಮಾಂಸಖಂಡ ದುಡೀತಾವ, ದುಡದು ಶಾಖಾ ಮಾಡತಾವ. ನಿನ್ನ ಮೈ ತನ್ನ ಕೆಲಸಾ ತಾ ಮಾಡಾಕತ್ತೈತಿ. ಈ ಕೂಸಿಗೆ ಅದೂ ಬರೂದಿಲ್ಲ."

ಅವನ ಎದೆ ಬೆಚ್ಚಗಾದದ್ದನ್ನು ಮುಟ್ಟಿ ನೋಡಿದ ಮೇಲೆಯೇ ಅವರು ಕೂಸಿಗೆ ಟೊಪ್ಪಿಗೆ, ಕಾಲುಚೀಲ ಹಾಕಿ, ಬರಿಮೈಯಲ್ಲಿ ಅವನ ಬರಿ ಎದೆಗೆ ಒರಗಿಸಿ, ಬಟ್ಟೆಯಿಂದ ಬಿಗಿಯಾಗಿ ಸುತ್ತಿ ಕಟ್ಟಿದರು. ಸಣ್ಣ ಕೈಗೆ ಗ್ಲೂಕೋಸಿನ ನಳಿಗೆ, ಮೂಗಿಗೆ ಆಕ್ಸಿಜನ್ ನಳಿಗೆ. ಭಾರವೆಂಬುದೇ ಇರಲಿಲ್ಲ. ಇಷ್ಟು ಹಗುರವಾದದ್ದು ಇದ್ದೂ ಇಲ್ಲದಂತೆ ಎನಿಸಿ ಅಯಾಜ ಮತ್ತಷ್ಟು ಹೆದರಿದ.

ಗಾಡಿ ಹೊರಟಿತು. ಹಿಂದಿನ ಬಾಗಿಲ ಸಂದಿಯಿಂದ ತಂಡಿಗಾಳಿ ನುಗ್ಗುತ್ತಿತ್ತು. ಶಿವಬಸವ್ವ ಅಲ್ಲಿ ಚಾದರ ತುರುಕಿದರು. ಕೂಸಿನ ಬೆನ್ನ ಮೇಲೆ ಎರಡು ಬೆರಳಿಟ್ಟು ತೋರಿಸಿದರು.

"ಇಲ್ಲೆ, ಕುತಗಿ ಹಿಂದ, ಹೆಗಲ ಹಿಂದಿನ ಎರಡು ಎಲುಬಿನ ನಡುವ ಕೂಸುಗಳಿಗೆ ಒಂದು ನಮೂನಿ ಕಂದು ಕೊಬ್ಬು ಇರತೈತಿ. ತಂಡಿ ಹತ್ತಿದರ ಅದು ಒಳಗ ಉರದು ರಕ್ತಾ ಬೆಚ್ಚಗ ಮಾಡತೈತಿ. ತಾಯಿ ಹೊಟ್ಟ್ಯಾಗ ಕಡೀ ಎರಡ್ಮೂರು ತಿಂಗಳದಾಗ ಅದು ತುಂಬೂದು. ಈಕಿ ಅದು ತುಂಬೂದರೊಳಗ ಬಂದಾಳ. ಇದ್ದಷ್ಟು ತೀರಿದರ ಮುಂದ ನಿನ್ನ ಮೈಯೇ ಆಕೀಗೆ ಒಲಿ."

"ತೀರಿದ್ದು ಹೆಂಗ ಗೊತ್ತಾಗತೈತ್ರಿ?"

"ಮೊದಲ ಅಂಗಾಲು ತಣ್ಣಗ ಆಗತಾವ. ಹೊಟ್ಟಿ ಬೆಚ್ಚಗಿದ್ದರ ಅಂಜೂದು ಬ್ಯಾಡ. ಹೊಟ್ಟೀನೂ ತಣ್ಣಗಾತು ಅಂದರ ನನಗ ಹೇಳು."

ಅಯಾಜ ಬಟ್ಟೆಯೊಳಗೆ ಕೈ ತೂರಿಸಿದ. ಜಡ್ಡುಗಟ್ಟಿದ ಬೆರಳಿಗೆ ಏನೂ ತಿಳಿಯಲಿಲ್ಲ. ಬೆಚ್ಚಗಿದೆಯೇ? ತಣ್ಣಗಿದೆಯೇ? ಕೈಯೇ ತನ್ನದಲ್ಲವೆನಿಸಿತು. ಕೊನೆಗೆ ಮಣಿಕಟ್ಟಿನ ಒಳಬದಿಯಿಂದ ಮುಟ್ಟಿದ. ಕಾಲುಚೀಲದೊಳಗಿನ ಪಾದ ಹಸಿ ಜೇಡಿಮಣ್ಣಿನಂತೆ ತಣ್ಣಗಿತ್ತು.

ಬೆಳಗಾವಿ ಇನ್ನೇನು ಬಂತೆನ್ನುವಾಗ ಗಾಡಿ ನಿಂತಿತು. ಮುಂದೆ ಒಂದು ದೊಡ್ಡ ಕಂಟೇನರ್ ಲಾರಿ ಹೆದ್ದಾರಿಗೆ ಅಡ್ಡಲಾಗಿ ಮಗುಚಿತ್ತು. ಡ್ರೈವರ್ ಪ್ರಸಾದ ಒಂದು ಕ್ಷಣವೂ ಕಾಯದೆ ಗಾಡಿಯನ್ನು ದೇಸೂರಿನ ಒಳದಾರಿಗೆ ತಿರುಗಿಸಿದ. ಅಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಹಳಿಯ ಮೇಲೆ ಗೂಡ್ಸ್ ಗಾಡಿ, ಮೊದಲಿಲ್ಲ ಕೊನೆಯಿಲ್ಲ ಎಂಬಂತೆ, ಸುಮ್ಮನೆ ನಿಂತಿತ್ತು.

"ಅಕ್ಕಾರ, ಸಿಗ್ನಲ್ ಸಿಕ್ಕಿಲ್ಲಂತ," ಎಂದು ಪ್ರಸಾದ ಗೇಟಿನವನನ್ನು ಕೇಳಿಬಂದು ಹೇಳಿದ. ಅವನ ಮುಖದಿಂದ ನೀರು ಇಳಿಯುತ್ತಿತ್ತು.

ಮಳೆ ಗಾಡಿಯ ತಗಡಿನ ಮೇಲೆ ಬಡಿಯುತ್ತಲೇ ಇತ್ತು. ಅಲ್ಲಿಯವರೆಗೆ ಬೆಕ್ಕಿನ ಮರಿಯಂತೆ ಕುಂಯ್‌ಗುಡುತ್ತಿದ್ದ ಕೂಸು ಸುಮ್ಮನಾಯಿತು. ನಿದ್ದೆ ಹತ್ತಿರಬೇಕೆಂದು ಅಯಾಜ ಮೊದಲು ಅಂದುಕೊಂಡ. ಮಣಿಕಟ್ಟನ್ನು ಅದರ ಹೊಟ್ಟೆಗೆ ತಾಗಿಸಿ ನೋಡಿದ.

"ಹೊಟ್ಟಿನೂ ತಣ್ಣಗಾಗೇತ್ರಿ! ಸಿಸ್ಟರ್, ಅಳವಲ್ದು! ಅಳಾಕ ಹಚ್ರಿ ಹೆಂಗರ ಮಾಡಿ!"

ಶಿವಬಸವ್ವ ಮುಟ್ಟಿ ನೋಡಿದರು. ಅವರ ಮುಖ ಬಿಗಿಯಿತು. ಆಕ್ಸಿಜನ್ ಸರಿಮಾಡಿದರು, ಗ್ಲೂಕೋಸಿನ ಹನಿ ನೋಡಿದರು, ಕೂಸಿನ ಅಂಗಾಲನ್ನು ಮೆಲ್ಲಗೆ ತಿಕ್ಕಿದರು. ಆಮೇಲೆ ಅಯಾಜನ ಭುಜ ಮುಟ್ಟಿದರು. ಅವನ ಮೈಯೂ ಮತ್ತೆ ತಣ್ಣಗಾಗುತ್ತಿತ್ತು.

"ಮುಂಜಾನೆಯಿಂದ ಏನರ ತಿಂದೀ?"

ಅವನು ಇಲ್ಲವೆಂದು ತಲೆಯಾಡಿಸಿದ. ಅವರು ತಮ್ಮ ಚೀಲದಿಂದ ಶೇಂಗಾ ಚಿಕ್ಕಿ ತೆಗೆದು ಅವನ ಬಾಯಿಗೇ ಇಟ್ಟರು.

"ತಿನ್ನು. ಕಟಗಿ ಹಾಕಲಾರದ ಒಲಿ ಹೆಂಗ ಉರೀತೈತಿ? ಇನ್ನ ಕೇಳು. ಎದಿ ಅಲಗಾಡಬಾರದು. ಎರಡೂ ಹಿಮ್ಮಡ ನೆಲಕ್ಕ ಒತ್ತಿ ತೊಡಿ ಬಿಗಿ ಹಿಡಿ. ಬಿಡು. ಮತ್ತ ಬಿಗಿ ಹಿಡಿ. ನಿನ್ನ ಮೈಯಾಗ ದೊಡ್ಡ ಮಾಂಸಖಂಡ ಅವ. ಅವನ್ನ ದುಡಸು."

ಅಯಾಜ ದುಡಿಸಿದ. ದಿನವಿಡೀ ಕುಕ್ಕರುಗಾಲಲ್ಲಿ ಕೂತು ಫರಶಿ ಕೂರಿಸುವ ತೊಡೆಗಳವು. ಹಲ್ಲು ಕಚ್ಚಿ ಒತ್ತಿದ, ಬಿಟ್ಟ, ಒತ್ತಿದ. ತೊಡೆ ಉರಿಯತೊಡಗಿತು. ಗಂಟಲಲ್ಲಿ ಬೆಲ್ಲ ಕರಗುತ್ತಿತ್ತು, ಕಣ್ಣು ಕೂಸಿನ ಮೂಗಿನ ಮೇಲೇ ನೆಟ್ಟಿತ್ತು. ಮೂಗಿನ ಹೊಳ್ಳೆ ಅಲುಗಿತೆ? ಅಲುಗಿತು. ಮತ್ತೆ? ಆ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಅವನಿಗೆ ಮೊದಲ ಕೂಸು ನೆನಪಾಯಿತು, ಖಾನಾಪುರದ ಆ ಬಿಳಿಚಿದ ಮುಖ ನೆನಪಾಯಿತು. ಹುಟ್ಟಿದ ಕೂಡಲೇ ಕೂಸಿನ ಕಿವಿಯಲ್ಲಿ ಹೇಳಬೇಕಾದ ಅಜಾನನ್ನು ಯಾರೂ ಇನ್ನೂ ಹೇಳಿಲ್ಲ ಎಂಬುದೂ ಆಗಲೇ ಹೊಳೆಯಿತು. ತಲೆ ಬಾಗಿಸಿ ಟೊಪ್ಪಿಗೆಯ ಅಂಚಿನ ಬಳಿ ಮೆಲುದನಿಯಲ್ಲಿ ಶುರುಮಾಡಿದ. ಎರಡು ಸಲ ನಾಲಿಗೆ ತಡವರಿಸಿತು. ಇದು ಬಂದವಳಿಗೆ ಹೇಳುತ್ತಿರುವುದೋ, ಹೋಗುತ್ತಿರುವವಳಿಗೋ ಎಂಬ ಯೋಚನೆ ಬಂತು. ಆದರೂ ನಿಲ್ಲಿಸಲಿಲ್ಲ. ಹಿಮ್ಮಡಿ ಒತ್ತುತ್ತಲೇ ಕೊನೆಯವರೆಗೆ ಹೇಳಿದ.

ಹಣೆಯಲ್ಲಿ ಬೆವರು ಕಾಣಿಸಿಕೊಂಡ ಹೊತ್ತಿಗೆ ಗೂಡ್ಸ್ ಗಾಡಿಯ ಕೊಂಡಿಗಳು ಸದ್ದು ಮಾಡಿದವು. ಡಬ್ಬಿಗಳು ಒಂದೊಂದಾಗಿ ಜಾರಿದವು. ಗೇಟು ಏಳುವುದನ್ನೇ ಕಾದಿದ್ದ ಪ್ರಸಾದ ಗಾಡಿ ಹಾರಿಸಿದ.

ಬೆಳಗಾವಿಯ ದವಾಖಾನೆಯ ಬಾಗಿಲಲ್ಲಿ ಶಿವಬಸವ್ವ ಬಟ್ಟೆ ಬಿಚ್ಚಿದಾಗ ಕೂಸು ಬಾಯಿ ತೆರೆಯಿತು. ದನಿ ಬರಲಿಲ್ಲ. ಆಮೇಲೆ ಬಂತು, ಎಳೆಯಷ್ಟು ಸಣ್ಣಗೆ. ಪರೀಕ್ಷಿಸಿದ ಡಾಕ್ಟರು, "ಮೈ ತಣ್ಣಗೈತಿ, ಖರೇ. ಆದರ ಪೂರ್ತಿ ಆರಿಲ್ಲ. ನೀವು ಕಟಗೊಂಡು ಬಂದದ್ದು ಚಲೋ ಆತು," ಎಂದು ಒಳಗೆ ಒಯ್ದರು. ಶಿವಬಸವ್ವ ಗೋಡೆಗೆ ಒರಗಿ ಕಣ್ಣು ಒರಸಿಕೊಂಡದ್ದನ್ನು ಅಯಾಜ ಆಗ ನೋಡಿದ. ಅವರೂ ತನ್ನಷ್ಟೇ ಹೆದರಿದ್ದರೆಂದು ಅವನಿಗೆ ತಿಳಿದದ್ದು ಅಲ್ಲಿ.

ಸಂಜೆ ಜನ್ನತಳ ಫೋನು ಬಂತು. ಆಯೆಷಾಗೆ ರಕ್ತ ಹೋಗುವುದು ನಿಂತಿತ್ತು. ಹೆದರಿಕೆ ಮಾತ್ರ ಅವತ್ತಿಗೆ ಮುಗಿಯಲಿಲ್ಲ. ಕೂಸಿಗೆ ಕಾಮಾಲೆ ಬಂತು, ಹಾಲು ದಕ್ಕಲಿಲ್ಲ, ಒಮ್ಮೆ ಉಸಿರು ನಿಂತೇ ಹೋಗಿ ನರ್ಸುಗಳು ಓಡಿಬಂದರು. ಕೂಸು ಸುಧಾರಿಸಿದಂತೆ ದಿನಾ ಕೆಲವು ತಾಸು ಅದನ್ನು ಎದೆಗೆ ಕಟ್ಟಿಕೊಂಡು ಕೂರಲು ಡಾಕ್ಟರು ಹೇಳಿದರು. ಅಯಾಜ ಕೂತ. ಶೀನು ಬಂದೀತೆಂದು ತಂಪು ನೀರು ಮುಟ್ಟಲಿಲ್ಲ, ಆಕಳಿಸುವುದಕ್ಕೂ ಅಂಜಿದ.

ಆಯೆಷಾ ಬಂದು ಮುಟ್ಟುವ ಹೊತ್ತಿಗೆ ಒಂದು ವಾರ ಕಳೆದಿತ್ತು. ಗೋಡೆ ಹಿಡಿದು ನಡೆದು ಬಂದು ಅವನ ಎದುರು ಕುರ್ಚಿಯಲ್ಲಿ ಕೂತಳು.

"ಇಲ್ಲೆ ಕೊಡ್ರಿ."

ಅವನಿಗೆ ಕೊಡಲು ಧೈರ್ಯವಾಗಲಿಲ್ಲ. ಅವನ ಎದೆಯಿಂದ ಅವಳ ಎದೆಗೆ ಹೋಗುವಷ್ಟರಲ್ಲಿ ಗಾಳಿ ತಾಗಿಬಿಟ್ಟರೆ? ನರ್ಸು ಇಬ್ಬರನ್ನೂ ಮೊಣಕಾಲು ತಾಗುವಷ್ಟು ಹತ್ತಿರ ಕೂರಿಸಿ, ಮೇಲೆ ಚಾದರ ಹೊದಿಸಿ, ಅದರೊಳಗೇ ಕೂಸನ್ನು ದಾಟಿಸಿದಳು. ಆಯೆಷಾ ಕಣ್ಣು ಮುಚ್ಚಿದಳು.

"ಭಾಳ ಅಂಜೀರೇನ್ರಿ?" ಎಂದು ಕೇಳಿದಳು.

"ಇನ್ನೂ ಅಂಜಾಕತ್ತೇನಿ," ಎಂದ ಅಯಾಜ.

ಮಳೆಗಾಲ ಮುಗಿಯುವ ಮೊದಲೇ ಅವರು ಕೂಸನ್ನು ಮನೆಗೆ ಕರೆತಂದರು. ಹೆಸರಿಟ್ಟರೆ ಎಲ್ಲಿ ಕೈತಪ್ಪೀತೋ ಎಂಬ ಅಂಜಿಕೆಗೆ ಅಲ್ಲಿಯವರೆಗೂ ಅಯಾಜ ಯಾರಿಗೂ ಅದಕ್ಕೆ ಹೆಸರಿಡಗೊಟ್ಟಿರಲಿಲ್ಲ. ಹೊಸ್ತಿಲು ದಾಟಿದ ಮೇಲೆ ಆಯೆಷಾ ಅವನನ್ನು ಕೇಳದೆಯೇ ನರ್ಗಿಸ್ ಎಂದು ಕರೆದಳು. ಕೂಸು ಆಕಳಿಸಿತು.