ಸಾವಿಗೊಮ್ಮೆ ತೆಗೆಯುವ ಗೇಟು

ತಮಟೆ ಸದ್ದು ಕೇಳಿದರೆ ನನ್ನ ಬಾಯಲ್ಲಿ ನೀರೂರುತ್ತಿತ್ತು ಎಂದರೆ ನೀವು ನನ್ನನ್ನು ರಾಕ್ಷಸ ಅಂದುಕೊಳ್ಳುತ್ತೀರಿ. ಆದರೆ ಜಿಗಣಿ ಪಕ್ಕದ ಗೊಲ್ಲರಕುಂಟೆಯಲ್ಲಿ, ಮುನಿಕೃಷ್ಣನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರೆ ಯಾರಿಗಾದರೂ ಹಾಗೇ ಆಗುತ್ತಿತ್ತು. ಊರಲ್ಲಿ ಯಾರಾದರೂ ಸತ್ತ ದಿನ ಸಂಜೆ ಕೆಳಗಿನ ಮನೆಯಿಂದ ಒಂದು ಬಟ್ಟಲು ಮೀನುಸಾರು ಬರುತ್ತಿತ್ತು. ಹುಣಸೆಹುಳಿ ಹದವಾಗಿ ಬಿದ್ದ ಸಾರು. ನಾನು ಸತ್ತವರ ಬಗ್ಗೆ ಎರಡು ಒಳ್ಳೆಯ ಮಾತಾಡಿ, ಮುದ್ದೆ ಮುರಿದು ಅದ್ದುತ್ತಿದ್ದೆ.

ಮುನಿಕೃಷ್ಣನಿಗೆ ಐವತ್ತೆಂಟು ದಾಟಿದೆ. ಮೂರಂತಸ್ತಿನ ವಠಾರದ ಒಡೆಯ. ಬೆಳಿಗ್ಗೆ ನೀರಿನ ಮೋಟರು ಹಾಕುವುದು, ಟ್ಯಾಂಕು ತುಂಬಿ ಚೆಲ್ಲಿದ ಮೇಲೆ ಬಾಡಿಗೆಯವರನ್ನು ಬೈದು ಆರಿಸುವುದು, ಇವೆರಡು ಬಿಟ್ಟರೆ ಅವನಿಗೆ ಕೆಲಸವಿಲ್ಲ. ಆಸೆಯೂ ಒಂದೇ. ಪಂಚೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿಗಿಳಿದು, ಕಾಲ ಸುತ್ತ ನೀರು ಹರಿಯುತ್ತಿರುವಾಗ ಗಾಳ ಬಿಟ್ಟು ನಿಲ್ಲಬೇಕು. ದಡ ಅವನಿಗೆ ಆಗದು. "ನೀರೊಳಗೆ ನಿಂತು ಹಿಡಿದ್ರೆ ಅದು ಮೀನು ಸಾರ್. ದಡದಾಗ್ ಕೂತು ಹಿಡಿಯೋದು ಭಿಕ್ಸೆ," ಎನ್ನುತ್ತಿದ್ದ. ಒಮ್ಮೆ ದುಡ್ಡು ಕೊಟ್ಟು ಮೀನು ಹಿಡಿಯುವ ಕೊಳಕ್ಕೆ ನಾನೇ ಕರೆದುಕೊಂಡು ಹೋದೆ. ಛತ್ರಿ ಕೆಳಗೆ ಕುರ್ಚಿ ಹಾಕಿ, ಕೈಗೆ ಜ್ಯೂಸು ಕೊಟ್ಟು, ನೀರಿಗೆ ಇಳಿಯಬಾರದು ಎಂದರು. ಅವನು ಜ್ಯೂಸನ್ನು ಮೀನಿಗೆ ಸುರಿದು ಎದ್ದುಬಂದ.

ಅವನ ಹಳ್ಳ ಇರುವುದು ಊರ ಹಿಂದೆಯೇ. ಬನ್ನೇರುಘಟ್ಟದ ಕಾಡಿನ ಅಂಚಿನಿಂದ ಹರಿದು ಬರುತ್ತದೆ. ಕಾರ್ಖಾನೆಗಳನ್ನು ಮುಟ್ಟುವವರೆಗೆ ನೀರಿಗೆ ನೀರಿನ ಬಣ್ಣವೇ ಇರುತ್ತದೆ. ಆ ಹಳ್ಳಕ್ಕೂ ಊರಿಗೂ ನಡುವೆ ಇದ್ದ ಹೊಲವನ್ನು ಮುನಿಕೃಷ್ಣನೇ ಲೇಔಟಿನವರಿಗೆ ಮಾರಿದ್ದ. ಹೊಲ ಹೋಗುತ್ತದೆಂದು ಗೊತ್ತಿತ್ತು. ಅದರ ಬದುವಿನ ಮೇಲೆ ತಾನು ನಡೆದು ಹೋಗುತ್ತಿದ್ದ ದಾರಿಯೂ ಹೋಗುತ್ತದೆಂದು ಹೊಳೆದಿರಲಿಲ್ಲ. ಲೇಔಟಿನವರು ಗೋಡೆ ಎತ್ತಿದರು, ಹಳ್ಳಕ್ಕೆ ಅಡ್ಡಲಾಗಿಯೂ ಎತ್ತಿ ನೀರು ಹೋಗಲು ಅಡಿಯಲ್ಲಿ ಒಂದು ಕಂಡಿ ಬಿಟ್ಟರು. ಊರ ಕಡೆಗೊಂದು ಗೇಟು ಇಟ್ಟು, ಅದರ ಮುಂದೆ ಬಸಲಿಂಗನನ್ನು ಕೂರಿಸಿದರು. ಯಾದಗಿರಿ ಕಡೆಯ ಬಸಲಿಂಗ ಮುನಿಕೃಷ್ಣನ ವಠಾರದಲ್ಲೇ ಬಾಡಿಗೆಗಿದ್ದವನು.

"ಲೇಯ್ ಬಸಲಿಂಗ, ನಾನ್ ಕಣೋ, ನಿನ್ ಓನರ್ರು. ಗೇಟ್ ತೆಗಿ."

"ಮನಿಗೆ ನೀವು ಮಾಲಕ್ರು ಖರೇ ರೀ. ಗೇಟಿಗೆ ಅಲ್ಲ."

"ನಾಳಿಂದ ನಿನ್ ಮನೆಗೆ ನೀರ್ ಬಿಡಲ್ಲ ನೋಡು."

"ಬಿಡಬ್ಯಾಡ್ರಿ. ಲೇಔಟಿನ್ಯಾಗ ಹಗಲೂ ರಾತ್ರಿ ನೀರು ಬರತೈತಿ, ಇಲ್ಲೇ ಜಳಕಾ ಮಾಡ್ತೀನಿ."

ಮುನಿಕೃಷ್ಣ ಸರ್ವೆ ಮಾಡುವವನೊಬ್ಬನನ್ನು ಹಿಡಿದು ಗ್ರಾಮದ ನಕಾಶೆ ಬಿಚ್ಚಿಸಿದ. ನಾನೂ ಜೊತೆಗಿದ್ದೆ. ಓದಿದವರೊಬ್ಬರು ಪಕ್ಕದಲ್ಲಿರಲಿ ಎಂದು ಕರೆದುಕೊಂಡು ಹೋಗಿದ್ದ. ನಾನು ನಕಾಶೆಯನ್ನು ತಲೆಕೆಳಗು ಹಿಡಿದು ಬಹಳ ಹೊತ್ತು ತಲೆದೂಗಿದೆ.

"ಹಳ್ಳ ಸರ್ಕಾರದ್ದು ಕಣ್ರೀ. ಯಾರ್ ಬೇಕಾದ್ರೂ ಇಳೀಬೋದು," ಎಂದ ಸರ್ವೆಯವನು.

"ಇಳಿಯಾಕೆ ದಾರಿ?"

"ದಾರಿ ಪಕ್ಕದ ಜಮೀನಿನವ್ರನ್ನ ಕೇಳ್ಬೇಕು."

"ಪಕ್ಕದ ಜಮೀನು ನಂದೇ ಆಗಿತ್ತಲ್ಲ ಸಾರ್."

"ಹಂಗಾದ್ರೆ ಮಾರೋ ಮುಂಚೆ ನಿಮ್ಮನ್ನ ನೀವೇ ಕೇಳ್ಕೋಬೇಕಿತ್ತು."

ಆದರೂ ನಕಾಶೆಯಲ್ಲಿ ಒಂದು ಚುಕ್ಕಿಗೆರೆ ಇತ್ತು. ಊರಿನಿಂದ ಲೇಔಟಿನ ನಟ್ಟನಡುವೆ ಹಾದು ಹಳ್ಳದ ದಡದ ಸ್ಮಶಾನಕ್ಕೆ ಹೋಗುವ ದಾರಿ. ಗೋಡೆ ಎದ್ದ ವರ್ಷವೇ ಊರವರು ಒಂದು ಹೆಣವನ್ನು ಗೇಟಿನ ಮುಂದಿಳಿಸಿ ಗಲಾಟೆ ಮಾಡಿದ್ದರು. ಹಿರಿಯರು ಕೂತು ರಾಜಿ ಮಾಡಿಸಿದ್ದರು. ಸತ್ತವರು ಬಂದರೆ ಗೇಟು ತೆಗೆಯಬೇಕು, ಜೊತೆಗೆ ಬರುವವರನ್ನು ಬಿಡಬೇಕು. ಮೂರನೇ ದಿನದ ಹಾಲುತುಪ್ಪಕ್ಕೂ ಬಿಡಬೇಕು. ಬರೀ ಬದುಕಿರುವವರು ಬಂದರೆ ತೆಗೆಯಬೇಕಾಗಿಲ್ಲ.

ಅಂದಿನಿಂದ ಗೊಲ್ಲರಕುಂಟೆಯ ಯಾವ ಸಾವಿಗೂ ಮುನಿಕೃಷ್ಣ ತಪ್ಪಿಸಲಿಲ್ಲ. ಮನೆಯವರು ಅಳಲು ಶುರುಮಾಡುವ ಮೊದಲೇ ಹೋಗಿ ಬಿದಿರು ತರಿಸಿ ಚಟ್ಟ ಕಟ್ಟಿಸುತ್ತಿದ್ದ. ಜಗಳವಾಡಿ ಮಾತು ಬಿಟ್ಟವರ ಮನೆಗೂ ಹೋದ, ಬಾಡಿಗೆಯವರ ಸಾವಿಗೂ ಹೋದ. ಮಣ್ಣು ಮಾಡಿದ ಮೇಲೆ ಎಲ್ಲರೂ ಹಳ್ಳದಲ್ಲಿ ಕೈಕಾಲು ತೊಳೆದು ಹಿಂದೆ ನೋಡದೆ ಮನೆಗೆ ಬರಬೇಕಷ್ಟೆ. ಮುನಿಕೃಷ್ಣನ ಕಾಲು ಮಾತ್ರ ಬೇಗ ತೊಳೆದು ಮುಗಿಯುತ್ತಿರಲಿಲ್ಲ. ಎಲ್ಲರೂ ಹೋದ ಮೇಲೂ ಮೊಣಕಾಲುದ್ದ ನೀರಿನಲ್ಲಿ ತಲೆ ತಗ್ಗಿಸಿ ನಿಂತಿರುತ್ತಿದ್ದ. ಅವನ ಟವಲಿನ ಕೆಳಗೆ ಗಾಳದ ದಾರ ಇದೆ, ಕೊಕ್ಕೆಯ ತುದಿಗೆ ರಾಗಿಮುದ್ದೆಯ ಚೂರು ಇದೆ ಎಂದು ಯಾರಿಗೆ ತಿಳಿಯಬೇಕು? "ಏನು ಕರುಳಯ್ಯ ಅದು. ಎತ್ತ ಮಕ್ಳೇ ಹೋಟ್ಲಿಗೋದ್ರು, ಇವ್ನು ಇನ್ನೂ ನೀರಾಗೇ ನಿಂತವ್ನೆ," ಎನ್ನುತ್ತಿದ್ದರು ಊರವರು.

ಸಾರು ತಿನ್ನುವ ನನ್ನನ್ನು ಬಿಟ್ಟರೆ ಅವನ ಹೆಂಡತಿ ಯಮುನಾಗೆ ಮಾತ್ರ ಗೊತ್ತಿತ್ತು. ಮೀನು ಉಜ್ಜಿ ಸಾರು ಮಾಡುವವಳು ಅವಳೇ ತಾನೇ. "ನಾನ್ ಸತ್ತಾಗ ಎರಡು ಗಾಳ ತಗೊಂಡೋಗಿ. ಎಂಡ್ತಿ ಸಾವಲ್ವಾ, ಜಾಸ್ತಿ ಒತ್ತು ನಿಂತ್ರೂ ಯಾರೂ ಏನೂ ಅನ್ನಲ್ಲ," ಎಂದಳು ಒಮ್ಮೆ. ಅವನು ನಗಲಿಲ್ಲ. ಅದೂ ಸರಿಯೇ ಎನ್ನುವಂತೆ ಸ್ವಲ್ಪ ಹೊತ್ತು ಯೋಚಿಸಿದ.

ಆಮೇಲೆ ಅವನಿಗೆ ಕಾಯಿಲೆಯವರನ್ನು ನೋಡಿಕೊಂಡು ಬರುವ ಚಟ ಹತ್ತಿತು. ಕೈಯಲ್ಲಿ ಒಂದು ಪೌಂಡು ಬ್ರೆಡ್ಡು, ಎರಡು ಎಳನೀರು. ಹಾಸಿಗೆ ಪಕ್ಕ ಕೂತು ಮುಖ ನೋಡುತ್ತಿದ್ದ, ಕಾಲು ಊದಿದೆಯೇ ಎಂದು ಒತ್ತಿ ನೋಡುತ್ತಿದ್ದ. ಊರಲ್ಲಿ ಮಾತು ಹಬ್ಬಲು ತಡವಾಗಲಿಲ್ಲ. ಮುನಿಕೃಷ್ಣ ಬ್ರೆಡ್ಡು ಹಿಡಿದು ಬೀದಿಗೆ ಬಂದನೆಂದರೆ, ತಿಂಗಳಿಂದ ಮಲಗಿದ್ದ ಮುದುಕಿಯರು ಎದ್ದು ಜಗಲಿಗೆ ಬಂದು ಕಾಳು ಆರಿಸತೊಡಗುತ್ತಿದ್ದರು. ಡಾಕ್ಟರಿಂದ ಆಗದ್ದು ಅವನ ಬ್ರೆಡ್ಡಿನಿಂದ ಆಯಿತು.

ಈ ಸಲದ ಮುಂಗಾರು ಜೋರಾಗಿ ಬಂತು. ಹಳ್ಳಕ್ಕೆ ಹೊಸನೀರು. ಹೊಸನೀರಿಗೆ ಕೊರಮೀನು ಮೇಲಕ್ಕೆ ಏರುತ್ತದೆ, ವರ್ಷಕ್ಕೊಮ್ಮೆ, ಕೆಲವೇ ದಿನ. ಊರಲ್ಲಿ ಮಾತ್ರ ಒಬ್ಬರೂ ಸಾಯಲಿಲ್ಲ. ಮುನಿಕೃಷ್ಣ ಮಹಡಿಗೆ ಬಂದು ನನ್ನ ಕಿಟಕಿಯಿಂದ ಹಳ್ಳ ನೋಡುತ್ತ ನಿಲ್ಲುತ್ತಿದ್ದ. ನಡುವೆ ನನ್ನ ಕಡೆ ತಿರುಗಿ, "ಸಾರ್, ನಿಮ್ ಶುಗರ್ ಎಂಗೈತೆ?" ಎಂದು ಕೇಳಿದ. ಕಂಟ್ರೋಲಿನಲ್ಲಿದೆ ಎಂದೆ. ಅವನ ಮುಖ ಸಣ್ಣದಾಯಿತು.

ಉಳಿದಿದ್ದವನು ರಾಮಾಂಜಿನಪ್ಪ ಒಬ್ಬನೇ. ಎಪ್ಪತ್ತೈದರ ಮುದುಕ, ಹಾಸಿಗೆ ಹಿಡಿದು ವರ್ಷವಾಗಿತ್ತು. ಅವನು ಮುನಿಕೃಷ್ಣನಿಗೆ ವರಸೆಯಲ್ಲಿ ಮಾವ. ಹಿಂದೆ ಇಬ್ಬರೂ ಅದೇ ಹಳ್ಳದಲ್ಲಿ ಅಕ್ಕಪಕ್ಕ ನಿಂತು ಗಾಳ ಹಾಕಿದವರು. ಮುನಿಕೃಷ್ಣ ಬ್ರೆಡ್ಡು ಹಿಡಿದು ಹೊರಟ, ಒಬ್ಬನೇ ಹೋದರೆ ಚೆನ್ನಾಗಿರದು ಎಂದು ನನ್ನನ್ನೂ ಎಳೆದುಕೊಂಡು ಹೋದ.

ಮುದುಕ ಕಣ್ಣು ಬಿಟ್ಟು ಮೊದಲು ಬ್ರೆಡ್ಡನ್ನೂ ಆಮೇಲೆ ಅಳಿಯನನ್ನೂ ನೋಡಿದ.

"ಒಸ ನೀರು ಬಂತೇನ್ಲಾ?"

"ಬಂತು ಮಾವ."

"ಕೊರಮೀನು ಅತ್ತೈತಾ?"

"ಅತ್ತೈತೆ ಮಾವ. ಕಿಟಕೀಲಿ ನೋಡ್ದೆ. ಇಷ್ಟಿಷ್ಟುದ್ದ ಎಗರ್ತವೆ."

"ಅದ್ಕೇ ಬಂದಿದೀಯ. ನಂಗೊತ್ತಿಲ್ವೇನ್ಲಾ? ಸುಬ್ಬಮ್ಮನ ಮಣ್ಣಿಗೆ ಓದಾಗ ನಾನೂ ಇದ್ದೆ. ನಿನ್ ಟವಲ್ಲು ಅಳ್ತಿತ್ತಾ, ಎಳೀತಿತ್ತಾ, ನಂಗ್ ಕಾಣಲ್ವಾ?"

ಮುದುಕ ಕೈಬೀಸಿ ಮಗನನ್ನು ಕರೆದ. ಮಗ ರುದ್ರೇಶ ಬಾಗಿಲಿಗೆ ಬಂದ.

"ರುದ್ರೇಶ, ಕೇಳ್ಕೊ. ನನ್ನ ಮಣ್ ಮಾಡಬ್ಯಾಡ. ವ್ಯಾನ್ನಾಗ್ ಆಕ್ಕೊಂಡು ಸಿಟಿಗೋಗಿ ಕರೆಂಟಾಗ್ ಸುಟ್ಬಿಡು. ಇವ್ನಿಗೆ ಗೇಟ್ ತೆಗ್ಸಾಕೆ ನಾನ್ ಸಾಯಾಕಾಗಲ್ಲ."

ಹೇಳಿ ಬ್ರೆಡ್ಡನ್ನು ತಲೆದಿಂಬಿನ ಕೆಳಗಿಟ್ಟುಕೊಂಡ. ಅದನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ.

ನಾಲ್ಕು ದಿನಕ್ಕೆ ಮುದುಕ ತೀರಿಕೊಂಡ. ಮಗ ಮಾತು ಮೀರಲಿಲ್ಲ. ವ್ಯಾನು ಬಂತು, ಹೆಣ ಸಿಟಿಗೆ ಹೋಯಿತು, ಮಧ್ಯಾಹ್ನದೊಳಗೆ ಮಡಕೆಯಲ್ಲಿ ಬೂದಿಯಾಗಿ ವಾಪಸು ಬಂತು. ಗೇಟು ತೆಗೆಯಲೇ ಇಲ್ಲ. ಮುನಿಕೃಷ್ಣ ಬಿಕ್ಕಿಬಿಕ್ಕಿ ಅತ್ತ. ಅದರಲ್ಲಿ ನಾಟಕವಿರಲಿಲ್ಲ.

ಸಂಜೆ ಬೂದಿಯ ಮಾತು ಬಂತು. ಶ್ರೀರಂಗಪಟ್ಟಣಕ್ಕೆ ಹೋಗಿ ಬಿಡಬೇಕು, ಕಾರು ಮಾಡಬೇಕು, ರುದ್ರೇಶನಿಗೆ ಫ್ಯಾಕ್ಟರಿಯಲ್ಲಿ ರಜೆ ಇಲ್ಲ. ಮುನಿಕೃಷ್ಣನ ಅಳು ಥಟ್ಟನೆ ನಿಂತಿತು.

"ಅಷ್ಟು ದೂರ ಯಾಕಪ್ಪ? ನಮ್ ಅಳ್ಳದ ನೀರೂ ಕೊನೆಗೆ ಕಾವೇರಿಗೇ ಸೇರೋದು. ಅಪ್ಪ ಆಟ ಆಡಿದ್ ಜಾಗ. ಇಲ್ಲೇ ಬಿಟ್ರೆ ಮುದ್ಕನ ಜೀವ ತಣ್ಣಗಾಯ್ತದೆ."

"ಅಪ್ಪ ಹಳ್ಳ ಬೇಡ ಅಂದಿತ್ತಲ್ಲ?"

"ಮಣ್ಣು ಬ್ಯಾಡ ಅಂತು. ಬೂದಿ ವಿಸ್ಯ ಮಾತಾಡ್ಲಿಲ್ಲ. ಕೇಳಿ ಬೇಕಾದ್ರೆ, ಸಾರೂ ಇದ್ರು."

ಎಲ್ಲರೂ ನನ್ನ ಕಡೆ ತಿರುಗಿದರು. ಬೂದಿಯ ವಿಷಯ ಮುದುಕ ಮಾತಾಡಿರಲಿಲ್ಲ ಎಂಬುದು ನಿಜವೇ. ಹೌದೆಂದು ತಲೆಯಾಡಿಸಿದೆ. ರಜೆ ಉಳಿಯಿತೆಂದು ರುದ್ರೇಶ ಒಪ್ಪಿದ.

ಮೂರನೇ ದಿನ ಬೆಳಿಗ್ಗೆ, ಹಾಲುತುಪ್ಪದ ಲೆಕ್ಕದಲ್ಲಿ, ಬಸಲಿಂಗ ಗೇಟು ತೆಗೆದ. ನೀರು ಕೆಂಪಗೆ, ರಭಸವಾಗಿ ಹರಿಯುತ್ತಿತ್ತು. ಬಾಯಿಗೆ ಬಟ್ಟೆ ಕಟ್ಟಿದ ಮಡಕೆ ಹಿಡಿದು ರುದ್ರೇಶ ಇಳಿಯಹೊರಟ.

"ನೀನ್ ಬ್ಯಾಡ ಕಣಪ್ಪ. ಬೂಟ್ ಆಕ್ಕೊಂಡ್ ಬೆಳೆದ ಕಾಲು, ಪಾಚಿ ಮ್ಯಾಲೆ ಜಾರ್ತದೆ. ತಾ ಇಲ್ಲಿ," ಎಂದು ಮುನಿಕೃಷ್ಣ ಮಡಕೆ ಇಸಿದುಕೊಂಡ.

ನಡುನೀರಿಗೆ ಹೋಗಿ ನಿಂತ. ಎಡಗೈಯಲ್ಲಿ ಮಡಕೆ. ಬಲಗೈ ಟವಲಿನ ಕೆಳಗೆ. ದಡದಲ್ಲಿದ್ದ ಹೆಂಗಸರು ಕೈ ಮುಗಿದರು. ಅವನು ಬಟ್ಟೆ ಬಿಚ್ಚಲಿಲ್ಲ, ಬೂದಿ ಸುರಿಯಲಿಲ್ಲ. ಸುರಿದರೆ ಮೇಲೆ ಬರಬೇಕಲ್ಲ? ನಿಂತೇ ಇದ್ದ.

"ಮಂತ್ರ ಹೇಳ್ತಾವ್ನೆ," ಎಂದರು ಯಾರೋ.

ಆಗ ಟವಲು ಜಗ್ಗಿತು. ಒಮ್ಮೆ, ಇನ್ನೊಮ್ಮೆ, ಆಮೇಲೆ ಮುನಿಕೃಷ್ಣನೇ ಅರ್ಧ ತಿರುಗುವಷ್ಟು ಜೋರಾಗಿ. ದೊಡ್ಡ ಮೀನು. ಒಂದು ಕೈಗೆ ಬಗ್ಗುವಂಥದ್ದಲ್ಲ. ಅವನು ಎಡಗೈಯನ್ನು ನೋಡಿದ, ಬಲಗೈಯನ್ನು ನೋಡಿದ. ಯೋಚನೆ ಮಾಡಿದನೆಂದು ನಾನಂತೂ ಹೇಳಲಾರೆ. ಮಡಕೆ ಬಿಟ್ಟ.

ಎರಡೂ ಕೈಯಲ್ಲಿ ದಾರ ಸುತ್ತಿ ಎಳೆದು, ತೋಳುದ್ದದ ಕೊರಮೀನನ್ನು ಎದೆಗವಚಿಕೊಂಡು ಅವನು ಈ ಕಡೆ ತಿರುಗುವಷ್ಟರಲ್ಲಿ, ರಾಮಾಂಜಿನಪ್ಪ ಬಟ್ಟೆ ಕಟ್ಟಿದ ಬಾಯಿ ಮೇಲೆ ಮಾಡಿಕೊಂಡು ತೇಲುತ್ತ ಗೋಡೆಯ ಕಂಡಿಯಲ್ಲಿ ನುಸುಳಿ ಆ ಕಡೆಗೆ ಹೋಗಿಯಾಗಿತ್ತು.

ದಡದಿಂದ ರುದ್ರೇಶ ಕಿರುಚಿದ. "ಥೂ ನಿನ್ನ! ಮೊದ್ಲು ಆ ಮೀನ್ ಬಿಡಯ್ಯ!"

ಮುನಿಕೃಷ್ಣ ಬಿಡಲಿಲ್ಲ. ಬಿಡಬಾರದೆಂದಲ್ಲ, ಕೈಗಳೇ ಕೇಳಲಿಲ್ಲ.

ಗೋಡೆಯ ಕಂಡಿ ಮಡಕೆಗೆ ಸಾಕಾಗುವಷ್ಟಿತ್ತು, ಮನುಷ್ಯನಿಗೆ ಸಾಲದು. ಆಚೆ ಬದಿ ಒಂದು ಕಾರ್ಖಾನೆಯದು. ರುದ್ರೇಶ, ಅವನ ತಮ್ಮ, ಇಬ್ಬರು ನೆಂಟರು ಸುತ್ತು ಹಾಕಿ ಕಾರ್ಖಾನೆಯ ಗೇಟಿಗೆ ಓಡಿದರು. ಅಲ್ಲಿನ ಸೆಕ್ಯುರಿಟಿಯವನು, "ಒಳಗ್ ಬಿಡಕ್ಕಾಗಲ್ಲ ಸಾರ್. ಮಡಕೆ ಯಾರ್ದು, ಒಳಗ್ ಏನೈತೆ ಬರೆದ್ಕೊಡಿ, ಮ್ಯಾನೇಜರ್ ಸೋಮವಾರ ಬರ್ತಾರೆ," ಎಂದ. ಒಳಗೆ ನಮ್ಮಪ್ಪ ಇದ್ದಾರೆ ಎಂದು ಬರೆದುಕೊಟ್ಟರೆ ಯಾವ ಮ್ಯಾನೇಜರು ಒಪ್ಪುತ್ತಾನೆ? ಸೋಮವಾರವೂ ಒಪ್ಪಲಿಲ್ಲ.

ಅದೇ ದಿನ ಹಾಲುತುಪ್ಪದ ಊಟದ ಪಂಕ್ತಿಯಲ್ಲಿ ರುದ್ರೇಶ ಎಲ್ಲರ ಮುಂದೆ ಹೇಳಿದ. "ಇನ್ಮೇಲೆ ನಮ್ ಮನೆ ಸಾವಿಗೆ ನೀನು ಬರ್ಕೂಡ್ದು." ಉಳಿದ ಮನೆಯವರೂ ಒಬ್ಬೊಬ್ಬರಾಗಿ ಅದನ್ನೇ ಹೇಳಿದರು. ಮದುವೆಗೆ ಬರಬೇಡ ಎಂದರೆ ಸಹಿಸಬಹುದು. ನಮ್ಮ ಕಡೆ ಸಾವಿಗೆ ಬರಬೇಡ ಎಂದರೆ ನಿನ್ನ ಸಾವಿಗೆ ನಾವೂ ಬರುವುದಿಲ್ಲ ಎಂದೇ ಲೆಕ್ಕ. ಅವನ ಎಲೆಗೆ ಬಡಿಸಿದ್ದ ಅನ್ನ ಹಾಗೇ ಇತ್ತು. ಗೇಟಿನಲ್ಲಿ ಬಸಲಿಂಗನಿಗೂ ಹೇಳಿಟ್ಟರು. ಯಾರ ಹೆಣದ ಹಿಂದೆ ಬಂದರೂ ಇವನನ್ನು ಬಿಡಬಾರದು.

"ತಪ್ಪು ತಿಳ್ಕೋಬ್ಯಾಡ್ರಿ ಮಾಲಕ್ರ," ಎಂದ ಬಸಲಿಂಗ. "ಒಂದು ಸಲ ಅಂತೂ ಬಿಟ್ಟೇ ಬಿಡ್ತೀನಿ. ನಾಕು ಮಂದಿ ಹೊರಾವ್ರನ್ನ ಮಾತ್ರ ನೀವ ನೋಡ್ಕೋರಿ."

ಹದಿನೈದು ದಿನವಾದ ಮೇಲೆ ಒಂದು ಸಂಜೆ ಮುನಿಕೃಷ್ಣ ಮುಖ್ಯರಸ್ತೆಯ ಸೇತುವೆಯ ಮೇಲೆ ಸಿಕ್ಕಿದ. ಕಸ ಎಸೆಯದಂತೆ ಅಲ್ಲಿ ಎರಡಾಳೆತ್ತರದ ಕಬ್ಬಿಣದ ಜಾಲರಿ ಹಾಕಿದ್ದಾರೆ. ಜಾಲರಿಗೆ ಹಣೆಯೊತ್ತಿ ಕೆಳಗೆ ನೋಡುತ್ತಿದ್ದ. ನಾನೂ ನೋಡಿದೆ. ಕಾರ್ಖಾನೆಯ ಕಾಂಪೌಂಡಿನೊಳಗೆ, ಹಳ್ಳದ ನೀರು ಹೊರಹೋಗುವ ಪೈಪಿನ ಬಾಯಿಯ ಕಂಬಿಗಳಿಗೆ ಸಿಕ್ಕಿಕೊಂಡು ಮಡಕೆ ಇನ್ನೂ ಅಲ್ಲೇ ಇತ್ತು. ಕತ್ತಿನವರೆಗೆ ನೀರು. ಪಾಪ, ಪಶ್ಚಾತ್ತಾಪ ತಿನ್ನುತ್ತಿದೆ ಎಂದುಕೊಂಡು ಅವನ ಹೆಗಲ ಮೇಲೆ ಕೈಯಿಟ್ಟೆ.

"ಆಗಿದ್ದಾಯ್ತು ಬಿಡಿ ಮುನಿಕೃಷ್ಣಪ್ಪ. ಅವರೂ ಕ್ಷಮಿಸಿರ್ತಾರೆ."

ಅವನು ಜಾಲರಿಯಿಂದ ಹಣೆ ತೆಗೆಯಲಿಲ್ಲ.

"ಅಲ್ನೋಡಿ ಸಾರ್, ಮಡಕೆ ನೆರಳಾಗೆ. ಕೊರಮೀನು ಮರಿ ಆಕೈತೆ. ಕೆಂಪುಗವೆ ನೋಡಿ, ಮುದ್ಕನ ಸುತ್ತಾನೇ ಸುತ್ತುತಾವೆ." ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದ. "ನಾನ್ ಈ ಕಂಬಿ ಇಡ್ಕೊಂಡ್ ನಿಂತಿದೀನಿ. ಆ ನನ್ಮಗ ಸತ್ತೂ ನೀರಾಗ್ ನಿಂತವ್ನಲ್ಲ ಸಾರ್!"